ಮೈ ಮುಚ್ಚುವ ಉಡುಪು ಕಾಲು ಕಟ್ಟಬೇಕಿಲ್ಲ

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 81ನೇ ವಚನದಲ್ಲಿ ಅಲ್ಲಾಹನು ತಾನು ಮನುಷ್ಯನಿಗೆ ಮಾಡಿದ ಅನುಗ್ರಹಗಳನ್ನು ನೆನಪಿಸುತ್ತಾನೆ. ನೆರಳು, ಬೆಟ್ಟಗಳಲ್ಲಿನ ಆಸರೆ, ಅವುಗಳ ಸಾಲಿನಲ್ಲಿಯೇ ಬಿಸಿಲಿನಿಂದ ಕಾಪಾಡುವ ಉಡುಪು ಮತ್ತು ಕಾಳಗದಲ್ಲಿ ಮೈ ಕಾಯುವ ಉಡುಪು. ಅಲ್ ಅಅ್‌ರಾಫ್ ಅಧ್ಯಾಯದ 26ನೇ ವಚನವು ಉಡುಪನ್ನು ಮಾನ ಮುಚ್ಚುವುದಕ್ಕೂ ಅಲಂಕಾರಕ್ಕೂ ಇಳಿಸಲಾಗಿದೆಯೆಂದು ತಿಳಿಸಿ, ತಕ್ವಾದ ಉಡುಪೇ ಎಲ್ಲಕ್ಕಿಂತ ಉತ್ತಮವೆಂದು ಸಾರುತ್ತದೆ. ಇವೆರಡನ್ನೂ ಕೂಡಿಸಿ ಓದಿದರೆ ಉಡುಪಿಗೆ ಮೂರು ಕೆಲಸಗಳಿವೆಯೆಂದು ತಿಳಿಯುತ್ತದೆ: ಮಾನ ಮುಚ್ಚುವುದು, ಅಂದ ಕೊಡುವುದು, ಮೈ ಕಾಯುವುದು. ಮೊದಲನೆಯದರ ಬಗ್ಗೆ ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಾತಿದೆ. ಎರಡನೆಯದಕ್ಕೆ ಮದುವೆ, ಈದ್ ಬಂದಾಗ ಸಾಲ ಮಾಡಿಯಾದರೂ ಹಣ ಹೊಂದಿಸುತ್ತೇವೆ. ಮೂರನೆಯದು ಮಾತ್ರ ಕುರ್‌ಆನಿನಲ್ಲಿ ಇಲ್ಲವೇ ಇಲ್ಲವೆಂಬಂತೆ ಬದುಕುತ್ತಿದ್ದೇವೆ.

ಇದರ ಫಲವನ್ನು ನಮ್ಮ ಉಳವಿಯಂಥ ಊರುಗಳಲ್ಲಿ ದಿನವೂ ಕಾಣಬಹುದು. ಮಂಡಿನೋವಿನ, ಸಕ್ಕರೆ ಕಾಯಿಲೆಯ ತಾಯಂದಿರಿಗೆ ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಹೇಳಿ ಕಳುಹಿಸುತ್ತಾರೆ. ಅವರು ಮಾತ್ರೆ ನುಂಗುತ್ತಾರೆ, ನಡೆಯುವುದಿಲ್ಲ. ನೆಲ ಗುಡಿಸುವ ದಪ್ಪ ಬುರ್ಖಾ ಮತ್ತು ಸವೆದ ರಬ್ಬರ್ ಚಪ್ಪಲಿಯಲ್ಲಿ ಬೇಗಬೇಗ ಹೆಜ್ಜೆ ಹಾಕುವುದು ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಏಳನೆಯ ತರಗತಿಯವರೆಗೆ ಖೊ-ಖೊ ಆಡುತ್ತಿದ್ದ ಹುಡುಗಿ ಎಂಟನೆಯ ತರಗತಿಗೆ ಬಂದೊಡನೆ ಮೈದಾನದ ಅಂಚಿನಲ್ಲಿ ಇತರರ ಚಪ್ಪಲಿ ಕಾಯುತ್ತಾ ಕೂರುತ್ತಾಳೆ. ಅವಳ ಅಣ್ಣನಾದರೋ ತೊಡೆ ಕಾಣುವ ಚಡ್ಡಿ ತೊಟ್ಟು ಸಂಜೆಯವರೆಗೂ ಕ್ರಿಕೆಟ್ ಆಡುತ್ತಾನೆ. ಅಸರ್‌ನ ಅಝಾನ್ ಕೇಳಿದಾಗ, ಈ ಬಟ್ಟೆಯಲ್ಲಿ ಮಸೀದಿಗೆ ಹೇಗೆ ಹೋಗಲಿ ಎಂದು ನಮಾಝನ್ನೇ ಬಿಡುತ್ತಾನೆ. ಒಂದೇ ಮನೆಯಲ್ಲಿ ತಂಗಿಗೆ ಉಡುಪಿನ ಹೆಸರಿನಲ್ಲಿ ಆಟ ತಪ್ಪಿತು, ಅಣ್ಣನಿಗೆ ಉಡುಪಿನ ಕಾರಣದಿಂದ ನಮಾಝ್ ತಪ್ಪಿತು. ತಂದೆ ತಾಯಿ ಮೊದಲನೆಯದನ್ನು ಧರ್ಮನಿಷ್ಠೆಯೆಂದು ಕರೆದರು, ಎರಡನೆಯದನ್ನು ಹುಡುಗಾಟವೆಂದು ಬಿಟ್ಟರು. ನನ್ನ ತಕರಾರು ಇರುವುದು ಇಲ್ಲಿಯೇ. ಇವೆರಡೂ ಒಂದೇ ಅಜ್ಞಾನದ ಎರಡು ಮುಖಗಳು. ದೀನ್ ಕೇಳಿರುವುದು ಮೈ ಮುಚ್ಚುವ ಉಡುಪನ್ನು, ಕಾಲು ಕಟ್ಟುವ ಉಡುಪನ್ನಲ್ಲ.

ಕ್ಯಾಸನೂರು ಕಲಿಸಿದ ಪಾಠ

ಹೊರಗಿನ ಕೆಲಸಕ್ಕೆ ತಕ್ಕ ಉಡುಪು ಬೇಕೆಂಬುದನ್ನು ಸೊರಬ ತಾಲ್ಲೂಕಿನವರಿಗೆ ಬೇರೆ ಊರಿನವರು ಬಂದು ಹೇಳಬೇಕಾಗಿಲ್ಲ. 1957ರಲ್ಲಿ ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಇಂದಿಗೂ ಕ್ಯಾಸನೂರು ಕಾಡಿನ ಕಾಯಿಲೆಯೆಂದೇ ಹೆಸರು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. 2018–19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡದ್ದು ಯಾರಿಗೂ ಮರೆತಿಲ್ಲ. ರೋಗವನ್ನು ಹರಡುವುದು ಕಾಡಿನ ಉಣುಗು. ಮಳೆಗಾಲ ಮುಗಿದು ತರಗೆಲೆ ಒಣಗಿದ ಮೇಲೆ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅದರ ಮರಿಗಳು ನೆಲದಲ್ಲಿಯೂ ಕುರುಚಲಿನಲ್ಲಿಯೂ ಕಾದು ಕುಳಿತಿರುತ್ತವೆ. ಸೌದೆಗೆ, ಸೊಪ್ಪಿಗೆ, ತರಗೆಲೆಗೆ, ದನ ಮೇಯಿಸಲು ಹೋಗುವವರ ಮೈಗೆ ಹತ್ತುತ್ತವೆ.

ಆರೋಗ್ಯ ಇಲಾಖೆಯವರು ವರ್ಷ ವರ್ಷವೂ ಹೇಳುವ ಮಾತು ಏನು? ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ. ತುಂಬುತೋಳಿನ ಅಂಗಿ, ಪಾದದವರೆಗಿನ ಪ್ಯಾಂಟು, ಅದರ ತುದಿಯನ್ನು ಒಳಗೆ ಸೇರಿಸಿಕೊಂಡ ಕಾಲುಚೀಲ, ಕಾಲು ಮುಚ್ಚುವ ಬೂಟು. ಬಣ್ಣ ತಿಳಿಯಾಗಿದ್ದರೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಕೈಕಾಲುಗಳಿಗೆ ಉಣುಗು ನಿವಾರಕ ತೈಲ ಸವರಿ. ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಸಾಬೂನು ಹಚ್ಚಿ ಸ್ನಾನ ಮಾಡಿ.

ಈ ಸೂಚನೆಗಳನ್ನು ಗಮನವಿಟ್ಟು ನೋಡಿ. ಮೈತುಂಬ ಮುಚ್ಚುವುದು ಹಿಂದುಳಿದವರ ರೂಢಿಯೆಂದು ನಗುವವರಿಗೆ ಇಲ್ಲಿ ಉತ್ತರವಿದೆ. ಅದೇ ಸೂಚನೆಗಳಲ್ಲಿ ನಮಗೂ ಒಂದು ಪ್ರಶ್ನೆಯಿದೆ. ಉಣುಗಿನ ಮೇಲೆ ಸಂಶೋಧನೆ ಮಾಡುವವರು ಅದನ್ನು ಸಂಗ್ರಹಿಸಲು ಕಾಡಿನ ನೆಲದ ಮೇಲೆ ಒಂದು ಬಟ್ಟೆಯನ್ನು ಎಳೆದುಕೊಂಡು ಹೋಗುತ್ತಾರೆ, ಉಣುಗುಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ನೆಲ ಗುಡಿಸುವ ಬುರ್ಖಾದ ಅಂಚು ತರಗೆಲೆಯ ಮೇಲೆ ಮಾಡುವುದು ಅದೇ ಕೆಲಸವನ್ನಲ್ಲವೇ? ಆ ಅಂಚಿನೊಳಗೆ ಕಾಲುಚೀಲವಿಲ್ಲದ ಕಾಲು, ಹೊರಗೆ ಕಪ್ಪು ಬಣ್ಣ. ಮೈ ಮುಚ್ಚಿತು, ಆದರೆ ಕಾಯಲಿಲ್ಲ. ಅದೇ ಹೆಣ್ಣುಮಗಳು ಹರಡಿನವರೆಗಿನ ಸಡಿಲ ಹೊರ ಉಡುಪು, ಒಳಗೆ ಪ್ಯಾಂಟು, ಕಾಲುಚೀಲ, ಬೂಟು ತೊಟ್ಟಿದ್ದರೆ ಶರೀಅತ್‌ನ ಮಿತಿಯೂ ಉಳಿಯುತ್ತಿತ್ತು, ಜೀವಕ್ಕೂ ರಕ್ಷೆ ಇರುತ್ತಿತ್ತು. ಮಳೆಗಾಲದಲ್ಲಿ ಉಂಬಳ ಹತ್ತುವ ತೋಟಕ್ಕೂ ಇದೇ ಮಾತು ಸಲ್ಲುತ್ತದೆ.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಮಲೆನಾಡಿನಲ್ಲಿ ನಾಟಿಗೆ ಇಳಿಯುವವರು ಮಳೆಗೆ ಕಂಬಳಿ ಕೊಪ್ಪೆ ಹೊದೆಯುತ್ತಿದ್ದರು, ಬಗ್ಗಿದ ಬೆನ್ನಿಗೆ ಗೊರಬು ಕವಿಚಿಕೊಳ್ಳುತ್ತಿದ್ದರು. ಎರಡೂ ತಲೆಯಿಂದ ಕೆಳಗೆ ಮುಚ್ಚುತ್ತಿದ್ದವು, ಎರಡರಲ್ಲಿಯೂ ಕೈಕಾಲು ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಜಾತಿ, ಧರ್ಮ ಕೇಳದೆ ಎಲ್ಲರೂ ತೊಟ್ಟ ಉಡುಪು ಅದು.

ಅನ್ಯರ ಅನುಕರಣೆಯೆಂಬ ಆಕ್ಷೇಪ

ಪ್ಯಾಂಟು, ಶೂ, ಆಟದ ಅಂಗಿ ಎಂದೊಡನೆ ಕೆಲವರು ಅದು ಅನ್ಯರ ಅನುಕರಣೆ, ಆದ್ದರಿಂದ ನಿಷಿದ್ಧವೆಂದು ಬಾಗಿಲು ಮುಚ್ಚುತ್ತಾರೆ. ಅವರಿಗೆ ಮುಗೀರಾ ಬಿನ್ ಶುಅಬಾ(ರ)ರ ವರದಿಯನ್ನು ನೆನಪಿಸಬೇಕಾಗಿದೆ. ತಬೂಕ್‌ನ ಪ್ರಯಾಣದಲ್ಲಿ ಪ್ರವಾದಿ(ಸ)ರು ಶಾಮ್ ದೇಶದ ಜುಬ್ಬಾ ತೊಟ್ಟಿದ್ದರು. ಅದರ ತೋಳುಗಳು ಎಷ್ಟು ಕಿರಿದಾಗಿದ್ದವೆಂದರೆ ವುಝೂ ಮಾಡುವಾಗ ತೋಳನ್ನು ಮೇಲೆ ಸರಿಸಲು ಆಗದೆ, ಕೈಗಳನ್ನು ಜುಬ್ಬಾದ ಒಳಗಿನಿಂದ ಹೊರತೆಗೆದು ತೊಳೆದರು. ಕಾಲಿಗೆ ತೊಟ್ಟಿದ್ದ ಚರ್ಮದ ಕಾಲುಚೀಲಗಳ ಮೇಲೆ ಸವರಿದರು. ಆ ದಿನಗಳಲ್ಲಿ ಶಾಮ್ ಇದ್ದದ್ದು ರೋಮನ್ನರ ಆಳ್ವಿಕೆಯಲ್ಲಿ. ಅಲ್ಲಾಹನ ರಸೂಲರು ಮುಸ್ಲಿಮೇತರರ ನಾಡಿನ ಉಡುಪನ್ನು, ಅದೂ ಪ್ರಯಾಣಕ್ಕೆ ಅನುಕೂಲವಾದ ಉಡುಪನ್ನು, ತೊಟ್ಟರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ? ವಿದ್ವಾಂಸರು ತಡೆಯುವ ಅನುಕರಣೆ ಬೇರೊಂದು ಧರ್ಮದ ಗುರುತನ್ನು ಧರಿಸುವುದು. ಓಡುವ ಬೂಟು ಯಾವ ಧರ್ಮದ ಗುರುತು?

ಮೈಯ ಹಿತವನ್ನು ಶರೀಅತ್ ಎಷ್ಟು ಲೆಕ್ಕಕ್ಕೆ ತೆಗೆದುಕೊಂಡಿದೆಯೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ರೇಷ್ಮೆ ಪುರುಷರಿಗೆ ನಿಷಿದ್ಧ. ಆದರೂ ಝುಬೈರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಮೈತುರಿಕೆಯಾದಾಗ ಪ್ರವಾದಿ(ಸ)ರು ರೇಷ್ಮೆ ಅಂಗಿ ತೊಡಲು ಅನುಮತಿ ಕೊಟ್ಟರೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಬರಿಯ ತುರಿಕೆಗೆ ನಿಷಿದ್ಧವೇ ಸಡಿಲಗೊಂಡಿತು. ಹಾಗಿರುವಾಗ, ಅನುಮತಿಯಿರುವ ಬಟ್ಟೆಗಳಲ್ಲಿ ಬೆವರು ಹೀರುವುದನ್ನು, ಚರ್ಮಕ್ಕೆ ಹಿತವಾದುದನ್ನು ಆರಿಸಿಕೊಂಡರೆ ಅದು ಲೌಕಿಕ ಮೋಹವೆಂದು ಗದರಿಸುವ ಹಕ್ಕು ನಮಗೆ ಎಲ್ಲಿಂದ ಬಂತು?

ಹೆಣ್ಣಿಗೆ ಹೊರಗೇನು ಕೆಲಸ ಎಂಬ ಆಕ್ಷೇಪ

ಮನೆಯಲ್ಲಿರುವ ಹೆಣ್ಣಿಗೆ ಹೊರಗಿನ ಉಡುಪು ಏಕೆ ಎಂದು ಕೇಳುವವರೂ ಇದ್ದಾರೆ. ಅಬೂಬಕರ್(ರ)ರ ಮಗಳು ಅಸ್ಮಾ(ರ) ಪತಿಯ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ಮದೀನಾದವರೆಗೆ ನಡೆಯುತ್ತಿದ್ದರು. ಉಮ್ಮು ಅತಿಯ್ಯಾ(ರ) ಪ್ರವಾದಿ(ಸ)ರ ಜೊತೆ 7 ದಂಡಯಾತ್ರೆಗಳಲ್ಲಿ ಪಾಲ್ಗೊಂಡು ಅಡುಗೆ ಮಾಡಿದರು, ಗಾಯಾಳುಗಳ ಶುಶ್ರೂಷೆ ಮಾಡಿದರು. ಪ್ರವಾದಿ(ಸ)ರು ಪ್ರಯಾಣದ ನಡುವೆ ಪತ್ನಿ ಆಯಿಶಾ(ರ)ರೊಡನೆ ಓಟದ ಪಂದ್ಯ ಹೂಡಿದರು. ಮೊದಲ ಸಲ ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ನಡೆದ ಪಂದ್ಯದಲ್ಲಿ ಪ್ರವಾದಿ(ಸ)ರು ಗೆದ್ದು, ಆ ಸೋಲಿಗೆ ಇದು ಲೆಕ್ಕ ಚುಕ್ತಾ ಎಂಬಂತೆ ನಗೆಯಾಡಿದರು. ಅಬೂದಾವೂದ್‌ನಲ್ಲಿರುವ ಈ ವರದಿಯನ್ನು ನಮ್ಮ ಎಷ್ಟು ಖುತ್ಬಾಗಳಲ್ಲಿ ಕೇಳಿದ್ದೇವೆ? ಈ ಮಹಿಳೆಯರಿಗಿಂತ ಹೆಚ್ಚಿನ ಹಯಾ ನಮ್ಮ ಮನೆಯವರಿಗಿದೆಯೆಂದು ಯಾರೂ ಹೇಳಲಾರರು. ಅವರ ಹಯಾ ಅವರ ಹೆಜ್ಜೆಗೆ ಅಡ್ಡಿಯಾಗಲಿಲ್ಲ.

ಅಷ್ಟು ದೂರವೂ ಹೋಗುವುದು ಬೇಡ. ಉಳವಿ, ಆನವಟ್ಟಿ, ಶಿಕಾರಿಪುರದ ಕಡೆ ಮುಸ್ಲಿಮ್ ಹೆಣ್ಣುಮಕ್ಕಳು ಗದ್ದೆ ತೋಟಗಳಲ್ಲಿ ದುಡಿಯುತ್ತಿಲ್ಲವೇ? ದುಡಿಮೆಗೆ ಹೊರಟಾಗ ಯಾರೂ ತಡೆಯುವುದಿಲ್ಲ. ಆರೋಗ್ಯಕ್ಕಾಗಿ ನಡೆಯಲು ಹೊರಟಾಗ ಮಾತ್ರ ಧರ್ಮ ನೆನಪಾಗುತ್ತದೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ ತಿಳಿಸಿದ್ದರು. ಆ ಹಕ್ಕು ಗಂಡಿನ ದೇಹಕ್ಕೆ ಮಾತ್ರವೆಂದು ಯಾವ ಹದೀಸಿನಲ್ಲಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ಬಲ್ಲ ಒಂದು ಮನೆಯ ಹುಡುಗಿ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದಳು. ತಂಡದ ಉಡುಪು ಚಡ್ಡಿ ಮತ್ತು ಗಿಡ್ಡ ತೋಳಿನ ಅಂಗಿಯೆಂದು ತಿಳಿದು ಮನೆಯವರು ಕಳುಹಿಸಲಿಲ್ಲ. ಅವರ ಅಳುಕು ನ್ಯಾಯವಾದದ್ದೇ. ಆದರೆ ಅದೇ ಬಣ್ಣದ ಉದ್ದನೆಯ ಪ್ಯಾಂಟು, ತುಂಬುತೋಳಿನ ಅಂಗಿ, ತಲೆಗವಸು ತೊಟ್ಟು ಆಡಬಹುದೇ ಎಂದು ಶಾಲೆಗೆ ಹೋಗಿ ಒಂದು ಮಾತು ಕೇಳಿದವರಿಲ್ಲ. ತಂದೆ ಕೇಳಲಿಲ್ಲ, ಚಿಕ್ಕಪ್ಪಂದಿರು ಕೇಳಲಿಲ್ಲ, ಜಮಾಅತಿನ ಹಿರಿಯರೂ ಕೇಳಲಿಲ್ಲ. ಒಂದು ಪ್ರಶ್ನೆಯಿಂದ ತೀರಬಹುದಾಗಿದ್ದ ವಿಷಯ ಒಂದು ನಿಷೇಧದಿಂದ ತೀರಿತು.

ಇದಕ್ಕೆ ಬದಲಾಗಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಲೆಬನಾನ್ ಮೂಲದ ಅಹೆದಾ ಝನೆಟ್ಟಿಯವರನ್ನು ನೋಡಿ. ತಮ್ಮ ಬಂಧುವಿನ ಮಗಳು ನೆಟ್‌ಬಾಲ್ ಆಡುವಾಗ ಹಿಜಾಬ್ ಮತ್ತು ಒಂದರ ಮೇಲೊಂದು ಬಟ್ಟೆಗಳೊಡನೆ ಒದ್ದಾಡುವುದನ್ನು ಅವರು ಕಂಡರು. ಆಟ ಬಿಡು ಎನ್ನಲಿಲ್ಲ. ಕತ್ತರಿ, ಸೂಜಿ ಕೈಗೆತ್ತಿಕೊಂಡು ಆಟಕ್ಕೆ ಒಗ್ಗುವ, ಮೈ ಮುಚ್ಚುವ ಹಗುರ ಉಡುಪನ್ನು ರೂಪಿಸಿದರು. 2004ರಲ್ಲಿ ಈಜಿನ ಉಡುಪನ್ನೂ ತಂದರು. ಅದೇ ಮುಂದೆ ಬುರ್ಕಿನಿಯೆಂದು ಹೆಸರಾಯಿತು. ಅದು ಎಲ್ಲ ಉಲಮಾಗಳ ಒಪ್ಪಿಗೆ ಪಡೆದಿದೆಯೆಂದು ನಾನು ಹೇಳುತ್ತಿಲ್ಲ. ಒದ್ದಾಡುವ ಹುಡುಗಿಯನ್ನು ಕಂಡಾಗ ನಮ್ಮ ಮೊದಲ ಯೋಚನೆ ಯಾವ ಕಡೆ ಹರಿಯಬೇಕು ಎಂಬುದಷ್ಟೇ ನನ್ನ ಮಾತು.

ಮುಚ್ಚಿದ್ದ ಬಾಗಿಲುಗಳು ತೆರೆದಿವೆ

ಆಟದ ಜಗತ್ತು ನಮಗೆ ನ್ಯಾಯವಾಗಿ ನಡೆದುಕೊಂಡಿಲ್ಲವೆಂಬುದು ದಿಟ. 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ತಲೆವಸ್ತ್ರದ ಕಾರಣಕ್ಕಾಗಿ ಒಲಿಂಪಿಕ್ ಅರ್ಹತಾ ಪಂದ್ಯವೇ ಕೈತಪ್ಪಿತು. 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರಿನ ಬಾಸ್ಕೆಟ್‌ಬಾಲ್ ಆಟಗಾರ್ತಿಯರು ಹಿಜಾಬ್ ತೆಗೆಯುವುದಕ್ಕಿಂತ ಪಂದ್ಯ ಬಿಡುವುದೇ ಲೇಸೆಂದು ಹೊರನಡೆದರು. 2016ರಲ್ಲಿ ಫ್ರಾನ್ಸಿನ ಕಡಲತೀರದ ಹಲವು ಊರುಗಳು ಬುರ್ಕಿನಿಯನ್ನು ನಿಷೇಧಿಸಿದವು. ಅದೇ ವರ್ಷ ಆಗಸ್ಟ್ 26ರಂದು ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ನಿಷೇಧವನ್ನು ತಡೆಹಿಡಿಯಬೇಕಾಯಿತು. ಹೆಣ್ಣಿನ ಮೈಮೇಲೆ ಎಷ್ಟು ಬಟ್ಟೆ ಇರಬೇಕೆಂದು ಅಳೆಯುವ ಈ ಚಾಳಿ ಮುಸ್ಲಿಮರಿಗಷ್ಟೇ ತಟ್ಟಿದ್ದೂ ಅಲ್ಲ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ಬಿಕಿನಿಯ ಬದಲು ಚಡ್ಡಿ ತೊಟ್ಟಿದ್ದಕ್ಕೆ 1500 ಯೂರೊ ದಂಡ ವಿಧಿಸಲಾಯಿತು.

ಆದರೆ ದನಿಯೆತ್ತಿದವರ ಶ್ರಮ ವ್ಯರ್ಥವಾಗಲಿಲ್ಲ. ಫುಟ್‌ಬಾಲಿನ ನಿಯಮ 2014ರಲ್ಲಿ ಬದಲಾಯಿತು, ಬಾಸ್ಕೆಟ್‌ಬಾಲಿನದು 2017ರಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ತೊಟ್ಟು ಕತ್ತಿವರಸೆಯಲ್ಲಿ ತಂಡದೊಡನೆ ಕಂಚಿನ ಪದಕ ಪಡೆದರು. 2023ರ ಮಹಿಳಾ ವಿಶ್ವಕಪ್ ಫುಟ್‌ಬಾಲಿನಲ್ಲಿ ಮೊರೊಕ್ಕೊದ ನುಹೈಲಾ ಬೆನ್‌ಝೀನಾ ಹಿಜಾಬ್ ತೊಟ್ಟೇ ಮೈದಾನಕ್ಕಿಳಿದರು. ಲೋಕ ಮುಚ್ಚಿದ್ದ ಬಾಗಿಲನ್ನು ಈ ಹೆಣ್ಣುಮಕ್ಕಳು ಹಯಾ ಬಿಡದೆ ತೆರೆಸಿದರು. ಅದೇ ಬಾಗಿಲಿಗೆ ನಾವು ಒಳಗಿನಿಂದ ಚಿಲಕ ಹಾಕುತ್ತಿದ್ದೇವೆ. ಒಬ್ಬನು ಬಟ್ಟೆ ಕಳಚು, ಆಮೇಲೆ ಆಡು ಎನ್ನುತ್ತಾನೆ. ಮತ್ತೊಬ್ಬನು ಬಟ್ಟೆ ತೊಟ್ಟೆಯಲ್ಲ, ಇನ್ನು ಆಡಬೇಡ ಎನ್ನುತ್ತಾನೆ. ಹುಡುಗಿಯ ಪಾಲಿಗೆ ಇಬ್ಬರೂ ಒಂದೇ.

ಮಾರುಕಟ್ಟೆಯ ಮೋಸ

ಇಷ್ಟು ಹೇಳಿದೆನೆಂದು ಅಂಗಡಿಯಲ್ಲಿ ಆಟದ ಉಡುಪೆಂದು ತೂಗುಹಾಕಿದ್ದನ್ನೆಲ್ಲ ಕೊಂಡು ತನ್ನಿ ಎಂದು ಅರ್ಥವಲ್ಲ. ಹಯಾ ಮನಸ್ಸಿನಲ್ಲಿದ್ದರೆ ಸಾಕು, ಬಟ್ಟೆ ಹೇಗಿದ್ದರೇನು ಎಂಬ ಮಾತು ಯುವಕರ ಬಾಯಲ್ಲಿ ಕೇಳಿಬರುತ್ತಿದೆ. ತಕ್ವಾದ ಉಡುಪನ್ನು ಹೊಗಳಿದ ವಚನವೇ ಮಾನ ಮುಚ್ಚುವ ಉಡುಪನ್ನೂ ಹೆಸರಿಸಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ವಚನವನ್ನು ಅರ್ಧಕ್ಕೆ ಹರಿದಂತೆ. ಚರ್ಮಕ್ಕೆ ಅಂಟಿಕೊಂಡ ಬಿಗಿ ಪ್ಯಾಂಟು ಮೈಯ ಬಣ್ಣವನ್ನು ಮುಚ್ಚಿದರೂ ಆಕಾರವನ್ನು ಸಾರಿ ಹೇಳುತ್ತದೆ. ಗಂಡಸರ ವಿಷಯದಲ್ಲಿ ಹೊಕ್ಕುಳಿನಿಂದ ಮಂಡಿಯವರೆಗೆ ಮುಚ್ಚಬೇಕೆಂಬುದು ಬಹುಪಾಲು ಇಮಾಮರ ನಿಲುವು. ನಾವು ಅನುಸರಿಸುವ ಹನಫೀ ಮದ್‌ಹಬ್‌ನಲ್ಲಿ ಮಂಡಿಯೂ ಅದರೊಳಗೆ ಸೇರಿದೆ. ಹೆಂಡತಿ ಮಕ್ಕಳ ಸೆರಗನ್ನು ಗಮನಿಸುವ ಗಂಡಸರು ತಮ್ಮ ಚಡ್ಡಿಯ ಉದ್ದವನ್ನೂ ಒಮ್ಮೆ ಅಳೆದುಕೊಳ್ಳಲಿ.

ಬಟ್ಟೆಯ ಗುಣವನ್ನೂ ಅರಿಯಬೇಕು. ಹತ್ತಿ ಬೆವರನ್ನು ಹೀರುತ್ತದೆ, ಆದರೆ ಬೇಗ ಒಣಗುವುದಿಲ್ಲ. ಬೇಸಿಗೆಯಲ್ಲಿ ನಿಧಾನವಾಗಿ ನಡೆಯುವವರಿಗೆ ಅದು ಹಿತ, ಮಳೆಯಲ್ಲಿ ನೆನೆದರೆ ಭಾರ ಮತ್ತು ಚಳಿ. ಆಟಕ್ಕೆಂದು ಸಡಿಲವಾಗಿ ಹೆಣೆದ ಪಾಲಿಯೆಸ್ಟರ್ ಬೆವರನ್ನು ಹೊರಮೈಗೆ ಸಾಗಿಸಿ ಬೇಗ ಒಣಗುತ್ತದೆ. ಗಾಳಿಯಾಡದಂತೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಅದೇ ನೂಲಿನದಾದರೂ ಮೈಯನ್ನು ಬೇಯಿಸುತ್ತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಅನೇಕ ಬುರ್ಖಾಗಳು ಈ ಬಗೆಯವು. ಅರಬರು ಮರುಭೂಮಿಯಲ್ಲಿಯೇ ಕಪ್ಪು ತೊಡುವಾಗ ನಮಗೇನು ಎನ್ನುವವರಿಗೆ ಒಂದು ವಿಷಯ ತಿಳಿಸಬೇಕು. 1980ರಲ್ಲಿ ನೇಚರ್ ಎಂಬ ವಿಜ್ಞಾನಪತ್ರಿಕೆಯಲ್ಲಿ ಬೆದೂಯಿನರ ಕಪ್ಪು ನಿಲುವಂಗಿಯ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಬಿಸಿಯನ್ನು ಹೀರಿದರೂ ಅದು ಚರ್ಮಕ್ಕೆ ತಲುಪುವ ಮೊದಲೇ ಹೊರಹೋಗುವುದರಿಂದ, ಮೈಗೆ ತಟ್ಟುವ ಬಿಸಿ ಬಿಳಿ ನಿಲುವಂಗಿಯಲ್ಲಿದ್ದಷ್ಟೇ ಇತ್ತು. ಗುಟ್ಟು ಇದ್ದದ್ದು ಬಟ್ಟೆಯ ಸಡಿಲಿಕೆಯಲ್ಲಿ, ಒಳಗೆ ಆಡುವ ಗಾಳಿಯಲ್ಲಿ. ನಾವು ಅವರ ಬಣ್ಣವನ್ನು ತಂದುಕೊಂಡೆವು, ಅವರ ಗಾಳಿಯನ್ನು ತರಲಿಲ್ಲ.

ನಮಾಝೇ ಅಳತೆಗೋಲು

ಹಾಗಾದರೆ ಆರಿಸುವುದು ಹೇಗೆ? ಅಳತೆಗೋಲು ನಮ್ಮ ಕೈಯಲ್ಲಿಯೇ ಇದೆ, ದಿನಕ್ಕೆ 5 ಬಾರಿ ಬಳಸುತ್ತೇವೆ. ನಮಾಝ್‌ನಲ್ಲಿ ನಿಲ್ಲುತ್ತೇವೆ, ಕೈಯೆತ್ತುತ್ತೇವೆ, ಸೊಂಟದಿಂದ ಬಾಗುತ್ತೇವೆ, ನೆಲಕ್ಕೆ ಹಣೆಯಿಡುತ್ತೇವೆ, ಮಂಡಿಯೂರಿ ಕೂರುತ್ತೇವೆ. ಮನುಷ್ಯನ ಮೈಯ ಮುಖ್ಯ ಚಲನೆಗಳೆಲ್ಲ ಇದರಲ್ಲಿವೆ. ಉಡುಪು ಕೊಳ್ಳುವ ಮೊದಲು ತೊಟ್ಟು ನೋಡಿ, ರುಕೂ ಮಾಡಿ, ಸುಜೂದ್ ಮಾಡಿ. ಬೆನ್ನಿನ ಕೆಳಗೆ ಅಂಗಿ ಮೇಲೇರಿ ಚರ್ಮ ಕಂಡರೆ ಅದು ನಮಾಝಿಗೂ ಆಗದು, ಮೈದಾನಕ್ಕೂ ಆಗದು. ತೊಡೆ ಬಿಗಿದು ಕೂರಲಾಗದಿದ್ದರೆ ಬಿಡಿ. ಬೆಳಕಿಗೆ ಹಿಡಿದಾಗ ಬಟ್ಟೆಯ ಆಚೆಗಿನ ಕೈ ಕಂಡರೆ ಬಿಡಿ. ಹತ್ತು ಹೆಜ್ಜೆ ಬೇಗಬೇಗ ನಡೆದಾಗ ಅಂಚು ಕಾಲಿಗೆ ತೊಡರಿದರೆ ಬಿಡಿ. ಈ ಪರೀಕ್ಷೆಯಲ್ಲಿ ಗೆದ್ದ ಉಡುಪಿನಲ್ಲಿ ಹುಡುಗನು ಆಟ ಮುಗಿಸಿ ನೇರವಾಗಿ ಸಫ್ಫಿನಲ್ಲಿ ನಿಲ್ಲಬಹುದು, ಹುಡುಗಿ ಧೈರ್ಯವಾಗಿ ಓಡಬಹುದು.

ಆಟವಾಡುವಾಗ ತಲೆವಸ್ತ್ರಕ್ಕೆ ಸೂಜಿ, ಪಿನ್ನು ಬೇಡ. ಕುತ್ತಿಗೆಗೆ ಸುತ್ತುವ ಉದ್ದ ತುದಿಯೂ ಬೇಡ. ತಲೆಯಿಂದ ಎದೆಯವರೆಗೆ ಇಳಿಯುವ, ಎಳೆದು ತೊಡುವ ಗವಸು ಸಾಕು. ದ್ವಿಚಕ್ರ ವಾಹನ ಏರುವ ಹೆಣ್ಣುಮಕ್ಕಳು ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಒಳಗೆ ಸೇರಿಸಿಕೊಳ್ಳಲೇಬೇಕು. ಚಕ್ರಕ್ಕೆ ಬಟ್ಟೆ ಸಿಕ್ಕಿ ಆದ ಸಾವುಗಳ ಸುದ್ದಿ ನಮಗೆ ಹೊಸದಲ್ಲ. ದೊಡ್ಡ ಹೆಸರಿನ ಕಂಪನಿಯ ಬೆಲೆ ಕಂಡು ಹೆದರಬೇಕಾಗಿಯೂ ಇಲ್ಲ. ದುಂದು ಮತ್ತು ಜಂಭ ಎರಡೂ ಇಲ್ಲದಂತೆ ಉಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಸೊರಬದ ಯಾವ ದರ್ಜಿಯಾದರೂ ಅಳತೆ ಕೊಟ್ಟರೆ ಮಂಡಿಯ ಕೆಳಗಿನವರೆಗಿನ ಸಡಿಲ ಅಂಗಿಯನ್ನೂ, ಅಗಲ ಕಾಲಿನ ಪ್ಯಾಂಟನ್ನೂ ಹೊಲಿದುಕೊಡುತ್ತಾನೆ. ಹಣ ಉಳಿಸಬೇಕಾದ ಜಾಗ ಪಾದರಕ್ಷೆಯಲ್ಲ. ಈದ್‌ಗೆ ಕೊಳ್ಳುವ ಮೂರನೆಯ ಜೊತೆ ಬಟ್ಟೆಯನ್ನು ಬಿಟ್ಟು, ತಾಯಿಗೆ ಒಂದು ಜೊತೆ ಒಳ್ಳೆಯ ನಡಿಗೆಯ ಬೂಟು ಕೊಡಿಸಿ.

ಬುರ್ಖಾ ಬಿಡಿ ಎಂಬುದು ಈ ಲೇಖನದ ಮಾತೆಂದು ಯಾರೂ ತಿರುಚದಿರಲಿ. ಹೊರ ಉಡುಪಿನ ಆದೇಶ ಅಲ್ ಅಹ್‌ಝಾಬ್ ಅಧ್ಯಾಯದಲ್ಲಿದೆ, ಅದು ಅಲ್ಲಿಯೇ ಇರುತ್ತದೆ. ಆದರೆ ಕುರ್‌ಆನ್ ಹೊರ ಉಡುಪನ್ನು ಹೇಳಿತೇ ಹೊರತು ಒಂದು ಹೊಲಿಗೆಯ ಮಾದರಿಯನ್ನೋ, ಒಂದು ನೂಲನ್ನೋ, ಒಂದು ಬಣ್ಣವನ್ನೋ ಹೇಳಲಿಲ್ಲ. ಅಲ್ಲಾಹನು ತೆರೆದಿಟ್ಟ ಆಯ್ಕೆಯನ್ನು ಮುಚ್ಚುವ ಅಧಿಕಾರ ನಮಗಿಲ್ಲ.

ಇನ್ನು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕ್ರೀಡಾಕೂಟದ ಆಯ್ಕೆಗೆ ಮೊದಲೇ ತಂದೆಯಂದಿರು ಶಾಲೆಗೆ ಹೋಗಿ ಮಗಳ ಉಡುಪಿನ ಬಗ್ಗೆ ವಿನಯದಿಂದ, ಲಿಖಿತವಾಗಿ ಕೇಳಲಿ. ಬೇಸಿಗೆ ರಜೆಗೆ ಮುನ್ನ ಒಂದು ಜುಮಾದ ಖುತ್ಬಾದಲ್ಲಿ ಇಮಾಮರು ಆಯಿಶಾ(ರ)ರ ಓಟದ ವರದಿಯನ್ನೂ ಗಂಡಸರ ಚಡ್ಡಿಯ ವಿಧಿಯನ್ನೂ ಒಟ್ಟಿಗೆ ಹೇಳಲಿ. ಜಮಾಅತಿನವರು ಕಾಡಿಗೆ ಹೋಗುವ ಬಡ ಮನೆಗಳಿಗೆ ಡಿಸೆಂಬರಿಗೆ ಮುಂಚೆ ಬೂಟು, ಕಾಲುಚೀಲ ಹಂಚಲಿ. ಅದು ಸದಕಾ, ಜೀವ ಉಳಿಸುವ ಸದಕಾ. ಬಲಹೀನ ವಿಶ್ವಾಸಿಗಿಂತ ಬಲಶಾಲಿ ವಿಶ್ವಾಸಿಯೇ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಹದೀಸ್ ತಿಳಿಸುತ್ತದೆ. ಆ ಬಲವನ್ನು ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ, ಅದನ್ನು ಪಡೆಯಲು ತಕ್ಕ ಉಡುಪನ್ನೂ, ಎಲ್ಲದರ ಮೇಲೆ ತಕ್ವಾದ ಉಡುಪನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.